ನಂದಿಯ ನೆರೆಹೊರೆ

ನಮ್ಮ ಊರಿನಲ್ಲಿ ದಿಕ್ಕುಗಳ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಪೂರ್ವ, ಪಶ್ಚಿಮ ಎಲ್ಲ ಸ್ಕೂಲಿನ ಪುಸ್ತಕದ ಮಾತು. ಮನೆಯಲ್ಲಿ "ಕಳವಾರದ ಕಡೆ", "ನಂದಿ ಕಡೆ" ಅಂತಲೇ ಹೇಳುತ್ತಿದ್ದರು. ಹಸು ಹಗ್ಗ ಕಿತ್ತುಕೊಂಡು ಹೋದರೆ ಕಳವಾರದ ಕಡೆ ಹೋಯಿತು ಅನ್ನುವರು. ಗಾಳಿ ಬೀಸಿದರೆ ನಂದಿ ಕಡೆಯಿಂದ. ಅಜ್ಜಿ ಬೆಳಿಗ್ಗೆ ಎದ್ದು ಬಾಗಿಲು ತೆಗೆದ ತಕ್ಷಣ ನೋಡುತ್ತಿದ್ದದ್ದು ಕಳವಾರ ಬೆಟ್ಟದ ತಲೆಯನ್ನು. ಅಲ್ಲಿ ಮೋಡ ಕೂತಿದ್ದರೆ ಅವತ್ತು ಅಂಗಳದಲ್ಲಿ ರಾಗಿ ಹರವುತ್ತಿರಲಿಲ್ಲ. "ಸೊಪ್ಪು ಬೇಗ ಕೊಯ್ಕೊಂಡು ಬನ್ರೋ" ಅಂತ ಕೂಗುತ್ತಿದ್ದಳು. ನಮ್ಮದು ರೇಷ್ಮೆ ಮನೆ. ನೆಂದ ಹಿಪ್ಪುನೇರಳೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ ಬರುತ್ತದೆ. ಹಾಗಾಗಿ ಆ ಬೆಟ್ಟದ ಮೇಲಿನ ಮೋಡಕ್ಕೂ ನಮ್ಮ ಗೂಡಿನ ತೂಕಕ್ಕೂ ನೇರ ಸಂಬಂಧ ಇತ್ತು.

ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದ ಮೇಲೆ ಒಂದು ದಿನ ಆಫೀಸಿನ ಗೆಳತಿಯೊಬ್ಬಳು "ಶನಿವಾರ ರಾತ್ರಿ ಸ್ಕಂದಗಿರಿ ಟ್ರೆಕ್ಕಿಂಗ್ ಹೋಗ್ತಿದ್ದೀವಿ, ನೀನೂ ಬಾ" ಅಂದಳು. ಫೋನಿನಲ್ಲಿ ಫೋಟೋ ತೋರಿಸಿದಳು. ಬಿಳಿ ಮೋಡದ ಸಮುದ್ರ, ಅದರ ನಡುವೆ ಮುರಿದ ಕೋಟೆ ಗೋಡೆ, ಸೂರ್ಯ. ಎಷ್ಟು ಚೆನ್ನಾಗಿದೆ ಅಂದುಕೊಂಡೆ. ಅದು ನಮ್ಮ ಕಳವಾರ ಬೆಟ್ಟ ಅಂತ ಗೊತ್ತಾಗಲು ಸ್ವಲ್ಪ ಹೊತ್ತೇ ಬೇಕಾಯಿತು. ನಾನು ಆ ಬೆಟ್ಟವನ್ನು ಹದಿನೆಂಟು ವರ್ಷ ಕೆಳಗಿನಿಂದ ನೋಡಿದ್ದೆ. ಅಜ್ಜಿ ನೋಡುತ್ತಿದ್ದ ಅದೇ ಮೋಡವನ್ನು ಇವರು ಮೇಲಿನಿಂದ ನೋಡಿದ್ದರು.

ಆವತ್ತಿನಿಂದ ಆ ಬೆಟ್ಟಗಳ ಬಗ್ಗೆ ನನಗೆ ಒಂದು ಥರದ ಹಂಬಲ ಶುರುವಾಯಿತು. ಬೆಂಗಳೂರಿನ ಜನಕ್ಕೆ ಅಲ್ಲಿರುವುದು ಒಂದೇ ಬೆಟ್ಟ, ನಂದಿ ಬೆಟ್ಟ. ಭಾನುವಾರ ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಗೇಟಿನ ಮುಂದೆ ಸಾಲಿನಲ್ಲಿ ನಿಂತು, ಸೂರ್ಯೋದಯ ನೋಡಿ, ಬಿಸಿ ಮ್ಯಾಗಿ ತಿಂದು ಹತ್ತು ಗಂಟೆಗೆ ವಾಪಸ್. ಅದೂ ಒಂದು ಸಂತೋಷವೇ, ಇಲ್ಲ ಅನ್ನುವುದಿಲ್ಲ. ಆದರೆ ನಂದಿ ಒಂಟಿ ಬೆಟ್ಟ ಅಲ್ಲ. ಅದರ ಸುತ್ತ ಅದರ ಎತ್ತರಕ್ಕೆ ಹತ್ತಿರ ಹತ್ತಿರ ಬರುವ ಬೆಟ್ಟಗಳಿವೆ. ನಂದಿ 1478 ಮೀಟರ್. ಉತ್ತರಕ್ಕೆ ನೇರ ಗೆರೆ ಎಳೆದರೆ ಐದಾರು ಕಿಲೋಮೀಟರ್ ದೂರದಲ್ಲಿರುವ ಸ್ಕಂದಗಿರಿ ಸುಮಾರು 1450. ನಂದಿಯ ಪಕ್ಕದಲ್ಲೇ ಭುಜಕ್ಕೆ ಭುಜ ತಾಗಿಸಿಕೊಂಡಂತೆ ಬ್ರಹ್ಮಗಿರಿ. ಪಶ್ಚಿಮದ ಕಡೆಗೆ ಚನ್ನಗಿರಿ. ಇದನ್ನು ಚನ್ನಕೇಶವ ಬೆಟ್ಟ ಅಂತಲೂ ಕರೆಯುತ್ತಾರೆ. ಐದನೆಯದಕ್ಕೆ ಕೆಲವರು ದಿವ್ಯಗಿರಿ ಅನ್ನುತ್ತಾರೆ, ಕೆಲವರು ಹೇಮಗಿರಿ ಅನ್ನುತ್ತಾರೆ. ಎಲ್ಲ ಸೇರಿ ಪಂಚಗಿರಿ. ಸುತ್ತಲಿನ ನೆಲವೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದರ ಮೇಲೆ ಇವು ಇನ್ನೂ 500 ಮೀಟರಿಗಿಂತ ಜಾಸ್ತಿ ಎದ್ದು ನಿಂತಿವೆ.

ಇವು ಯಾಕೆ ಹೀಗೆ ಗುಂಪಾಗಿ ನಿಂತಿವೆ ಅಂತ ಚಿಕ್ಕಂದಿನಲ್ಲಿ ಕೇಳಿದರೆ ಅಜ್ಜಿ ಬೆಟ್ಟಗಳು ಅಣ್ಣತಮ್ಮಂದಿರು ಅಂತ ಕಥೆ ಹೇಳುತ್ತಿದ್ದಳು. ಆಮೇಲೆ ಓದಿ ತಿಳಿದುಕೊಂಡದ್ದು ಬೇರೆ. ಆದರೆ ಅದೂ ಕಥೆಯಷ್ಟೇ ಇಷ್ಟವಾಯಿತು. ಇವು ಹಿಮಾಲಯದ ಹಾಗೆ ನೆಲ ಮಡಿಸಿ ಮೇಲೆದ್ದ ಬೆಟ್ಟಗಳಲ್ಲ. ಹತ್ತಿರ ಹತ್ತಿರ 250 ಕೋಟಿ ವರ್ಷ ಹಳೆಯ ಗ್ರಾನೈಟ್ ಬಂಡೆಗಳು. ಒಂದು ಕಾಲಕ್ಕೆ ನೆಲದ ಆಳದಲ್ಲಿ ಇದ್ದವು. ಮೇಲಿನ ಮಣ್ಣು, ಕಲ್ಲು ಎಲ್ಲ ಮಳೆಗೆ ಬಿಸಿಲಿಗೆ ಕರಗಿ ಹೋಯಿತು. ಎಲ್ಲೆಲ್ಲಿ ಬಂಡೆಯಲ್ಲಿ ಬಿರುಕು ಜಾಸ್ತಿ ಇತ್ತೋ ಅಲ್ಲೆಲ್ಲ ನೀರು ಇಳಿದು, ಕಲ್ಲು ಕೊಳೆತು ಮಣ್ಣಾಯಿತು. ಬಿರುಕು ಕಡಿಮೆ ಇದ್ದ ಗಟ್ಟಿ ಬಂಡೆ ಹಾಗೇ ಉಳಿಯಿತು. ಅಂದರೆ ಬೆಟ್ಟ ಬೆಳೆದದ್ದಲ್ಲ, ಸುತ್ತಲಿನ ನೆಲ ಇಳಿದದ್ದು. ಎರಡು ಶಿಖರಗಳ ನಡುವಿನ ತಗ್ಗು ಅಂದರೆ ಅಲ್ಲಿ ಬಂಡೆ ಸೋತ ಜಾಗ. ಆ ಸೋತ ಜಾಗದಲ್ಲೇ ಮಣ್ಣು ಇದೆ, ನೀರು ಇದೆ, ಊರುಗಳಿವೆ. ನಮ್ಮ ಊರೂ ಅಲ್ಲೇ ಇದೆ.

ಬಂಡೆಯ ಮೇಲೆ ಕೈಯಿಟ್ಟು ನೋಡಿದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಈ ಬೆಟ್ಟಗಳು ಈರುಳ್ಳಿಯ ಹಾಗೆ ಪದರ ಬಿಡುತ್ತವೆ. ಮೇಲಿನ ಭಾರ ಹೋದ ಮೇಲೆ ಬಂಡೆ ಹಿಗ್ಗಿ ಹಾಳೆ ಹಾಳೆಯಾಗಿ ಸೀಳುತ್ತದೆ. ಹಾಗಾಗಿಯೇ ಇವುಗಳ ಮೈ ಬೋಳು, ದುಂಡಗೆ. ಮಳೆ ಬಿದ್ದರೆ ನೀರು ನಿಲ್ಲುವುದಿಲ್ಲ, ಜಾರಿ ಓಡುತ್ತದೆ. ಓಡಿದ ನೀರಿನಲ್ಲಿ ಒಂದಿಷ್ಟು ಬಿರುಕಿಗೆ ಇಳಿದು, ತಿಂಗಳಾನುಗಟ್ಟಲೆ ಒಳಗೇ ತಿರುಗಾಡಿ, ಬುಡದಲ್ಲಿ ಎಲ್ಲೋ ಒರತೆಯಾಗಿ ಹೊರಗೆ ಬರುತ್ತದೆ. ಈ ಒರತೆಗಳ ಮೇಲೆ ನಮ್ಮ ಸೀಮೆಯ ಕಥೆ ಎಲ್ಲ ನಿಂತಿದೆ.

*

ಮೂರು ವರ್ಷದ ಹಿಂದೆ ಆಷಾಢದಲ್ಲಿ ಅಪ್ಪ ಫೋನ್ ಮಾಡಿದರು. "ಈ ಸಲ ಗಿರಿ ಪ್ರದಕ್ಷಿಣೆಗೆ ಬಾಮ್ಮ, ನನ್ನ ಕಾಲು ಇನ್ನೂ ಚೆನ್ನಾಗಿರೋವಾಗಲೇ ಒಂದು ಸಲ ಒಟ್ಟಿಗೆ ಹೋಗಿಬರೋಣ." ಆಷಾಢದ ಕೊನೆಯ ಸೋಮವಾರ ನಂದಿ ಬೆಟ್ಟವನ್ನು ಸುತ್ತುವುದು ನಮ್ಮ ಕಡೆ ಹಳೆಯ ರೂಢಿ. ಬೆಟ್ಟ ಹತ್ತುವುದಿಲ್ಲ. ಬುಡದ ಸುತ್ತ ನಡೆಯುವುದು. ಹದಿನೈದು ಕಿಲೋಮೀಟರ್ ಆಸುಪಾಸು. ತುಂಬಾ ಜನ ಬರಿಗಾಲಲ್ಲಿ ನಡೆಯುತ್ತಾರೆ. ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರ ಮೂರೂ ತಾಲ್ಲೂಕಿನ ಜನ ಸೇರುತ್ತಾರೆ. ಬೆಟ್ಟ ಮೂರೂ ತಾಲ್ಲೂಕಿಗೆ ಹತ್ತಿಕೊಂಡೇ ಇದೆಯಲ್ಲ. ನಾನು ಒಂದು ದಿನ ರಜೆ ಹಾಕಿ ಹೋದೆ.

ಹೊರಡುವುದು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದಿಂದ. ನಾನು ಕಂಡ ದೇವಸ್ಥಾನಗಳಲ್ಲಿ ಇದರ ಹಾಗೆ ಮನಸ್ಸು ತಣ್ಣಗೆ ಮಾಡುವ ಜಾಗ ಇನ್ನೊಂದಿಲ್ಲ. 9ನೇ ಶತಮಾನದ ಆರಂಭದಲ್ಲಿ, ನೊಳಂಬರ ಕಾಲದಲ್ಲಿ ಇದರ ಕೆಲಸ ಶುರುವಾದದ್ದು. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಏನಾದರೂ ಸೇರಿಸುತ್ತಾ ಬಂದರು. ಒಂದೇ ಅಂಗಳದಲ್ಲಿ ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ. ಬೆಟ್ಟದ ಮೇಲೆ ಯೋಗನಂದೀಶ್ವರ. ಕೆಳಗಿರುವವನು ಸಂಸಾರಿ, ಮೇಲಿರುವವನು ಸಂನ್ಯಾಸಿ ಅಂತ ಅಮ್ಮ ಹೇಳುತ್ತಿದ್ದಳು. ಮದುವೆಗೆ ಕೆಳಗಿನವನ ಹತ್ತಿರ ಬರಬೇಕು.

ದೇವಸ್ಥಾನದ ಒಳಗೆ ದೊಡ್ಡ ಕಲ್ಯಾಣಿ ಇದೆ, ಶೃಂಗಿ ತೀರ್ಥ. ನಾಲ್ಕೂ ಕಡೆ ಮೆಟ್ಟಿಲು ಇಳಿದು ಹೋಗುತ್ತವೆ. ನಂದಿ ತನ್ನ ಕೊಂಬಿನಿಂದ ನೆಲ ಇರಿದು ಗಂಗೆಯನ್ನು ತಂದ ಜಾಗ ಇದು ಅಂತ ಸ್ಥಳಪುರಾಣ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲೇ ಅಂತ ನಂಬಿಕೆ. ಬೆಟ್ಟದ ಬುಡದಲ್ಲಿ ಒರತೆ ಎದ್ದ ಜಾಗವನ್ನು ಹಿಂದಿನವರು ಸರಿಯಾಗಿ ಗುರುತು ಹಿಡಿದಿದ್ದರು. ಅಲ್ಲಿ ಸುತ್ತ ಕಲ್ಲು ಕಟ್ಟಿದರು, ಅದಕ್ಕೊಂದು ಕಥೆ ಕೊಟ್ಟರು, ಯಾರೂ ಹಾಳು ಮಾಡದ ಹಾಗೆ ದೇವರನ್ನು ಕೂರಿಸಿದರು. ನನಗೆ ಹಾಗೇ ಕಾಣುತ್ತದೆ.

ಬೆಳಿಗ್ಗೆ ಆರಕ್ಕೆ ಹೊರಟೆವು. ಆಷಾಢದ ಗಾಳಿ ಅಂದರೆ ಗಾಳಿ. ಕೊಡೆ ಬಿಚ್ಚಿದರೆ ತಿರುಗಿ ಹೂವಿನ ಹಾಗೆ ಆಗುತ್ತಿತ್ತು. ಹನಿ ಮಳೆ ಬೀಳುವುದು, ನಿಲ್ಲುವುದು. ಬೆಟ್ಟವನ್ನು ಬಲಕ್ಕಿಟ್ಟುಕೊಂಡು ನಡೆಯಬೇಕು. ಮೊದಲು ಸಿಗುವುದು ಕುಡುವತಿ ಕಡೆ. ಅಲ್ಲಿಂದ ನೋಡಿದರೆ ಬ್ರಹ್ಮಗಿರಿ ಮುಂದೆ ಬಂದು ನಿಂತು ನಂದಿಯನ್ನೇ ಅರ್ಧ ಮುಚ್ಚಿಬಿಡುತ್ತದೆ. ಇಷ್ಟು ವರ್ಷ ನಮ್ಮೂರಿನಿಂದ ನೋಡಿದ ನಂದಿಯ ಗೆರೆ ನನಗೆ ಬಾಯಿಪಾಠ ಆಗಿತ್ತು. ಕಣ್ಣು ಮುಚ್ಚಿ ಬರೆಯಬಲ್ಲೆ ಅಂದುಕೊಂಡಿದ್ದೆ. ಇಲ್ಲಿ ಆ ಗೆರೆಯೇ ಇಲ್ಲ. ಬೇರೆ ಯಾವುದೋ ಬೆಟ್ಟದ ಮುಂದೆ ನಿಂತ ಹಾಗಿತ್ತು.

"ಇದು ನಂದೀನೇನಾಪ್ಪ?" ಅಂದೆ.

"ನಂದೀನೇ ಕಣಮ್ಮ. ಅದರ ಬೆನ್ನು ನೀನು ನೋಡಿರಲಿಲ್ಲ ಅಷ್ಟೆ."

ಬ್ರಹ್ಮಗಿರಿಯ ಬಗ್ಗೆ ಹೆಚ್ಚು ಜನ ಮಾತಾಡುವುದಿಲ್ಲ. ನಂದಿಗೆ ಇಷ್ಟು ಹತ್ತಿರ ಇದ್ದೂ ಮರೆತುಹೋದ ಬೆಟ್ಟ. 2021ರ ಆಗಸ್ಟಿನಲ್ಲಿ ಒಂದು ರಾತ್ರಿ ಭಾರಿ ಮಳೆ ಬಂದು, ಗುಡ್ಡ ಕುಸಿದು, ನಂದಿಗೆ ಹತ್ತುವ ರಸ್ತೆಯೇ ಕೊಚ್ಚಿಹೋಯಿತು. ಡಿಸೆಂಬರ್ ತನಕ ಮೇಲೆ ಯಾರನ್ನೂ ಬಿಡಲಿಲ್ಲ. ಆಗ ನನಗೆ ಅನ್ನಿಸಿದ್ದು ಇದು: ಬೋಳು ಬಂಡೆ ಮೇಲೆ ಮಣ್ಣು ಇರುವುದೇ ತೆಳುವಾಗಿ. ಅದನ್ನು ಹಿಡಿದಿರುವುದು ಹುಲ್ಲು, ಗಿಡ, ಬೇರು. ರಸ್ತೆಗೆ ಅಂತ ಆ ತೆಳು ಮಣ್ಣನ್ನು ಒಂದು ಕಡೆ ಕಡಿದರೆ ಮೇಲಿನದು ಎಷ್ಟು ದಿನ ನಿಂತೀತು?

ಕಾರಹಳ್ಳಿ ಕಡೆ ಬರುವ ಹೊತ್ತಿಗೆ ಬೆಟ್ಟದ ದಕ್ಷಿಣ ಮುಖ ಕಾಣುತ್ತದೆ. ಇಲ್ಲಿ ಅದು ಗೋಡೆಯ ಹಾಗೆ ನೆಟ್ಟಗೆ. ದಾರಿಯುದ್ದಕ್ಕೂ ಊರಿನವರು ಮಜ್ಜಿಗೆ, ಪಾನಕ, ಚಿತ್ರಾನ್ನ ಇಟ್ಟುಕೊಂಡು ಕಾಯುತ್ತಿದ್ದರು. ಒಬ್ಬ ಅಜ್ಜಿ ಬಲವಂತವಾಗಿ ನನ್ನ ಕೈಗೆ ಕೋಸಂಬರಿ ಹಾಕಿದರು. ನಂದಿಯನ್ನು ಇತಿಹಾಸದ ಪುಸ್ತಕಗಳಲ್ಲಿ ಓದಿದವರಿಗೆ ಈ ಗೋಡೆ ಗೊತ್ತಿರುತ್ತದೆ. ಟಿಪ್ಪುವಿನ ಕಾಲದಲ್ಲಿ ಯಾರೂ ಹತ್ತಲಾಗದ ಕೋಟೆ ಅಂತ ಹೆಸರಾಗಿತ್ತು. ಸ್ವಲ್ಪವಾದರೂ ಇಳಿಜಾರು ಇದ್ದದ್ದು ಪಶ್ಚಿಮಕ್ಕೆ ಮಾತ್ರ. 1791ರಲ್ಲಿ ಬ್ರಿಟಿಷರು ಆ ಕಡೆಯಿಂದಲೇ ಫಿರಂಗಿ ಎಳೆದು ತಂದು, ವಾರಗಟ್ಟಲೆ ಹೊಡೆದು, ಅಕ್ಟೋಬರ್ 19ರಂದು ಕೋಟೆ ಹಿಡಿದರು. ಕಳವಾರದ ಮೇಲೆ ಒಂದು ದುರ್ಗ, ಪಶ್ಚಿಮಕ್ಕೆ ಹೋದರೆ ಮಾಕಳಿದುರ್ಗ. ಎದ್ದು ನಿಂತ ಯಾವ ಬಂಡೆಯನ್ನೂ ರಾಜರು ಸುಮ್ನೆ ಬಿಟ್ಟಿಲ್ಲ. ಒಂದರ ಮೇಲೆ ನಿಂತರೆ ಇನ್ನೊಂದು ಕಾಣಬೇಕು, ಅದೇ ಲೆಕ್ಕ. ಬ್ರಿಟಿಷರ ಕಾಲಕ್ಕೆ ನಂದಿ ತಂಪು ಹವೆಯ ಜಾಗವಾಯಿತು. ಮೈಸೂರಿನ ಕಮಿಷನರ್ ಆಗಿದ್ದ ಕಬ್ಬನ್ ಸಾಹೇಬರು ಮೇಲೆ ಬಂಗಲೆ ಕಟ್ಟಿಸಿಕೊಂಡರು. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ಅಲ್ಲಿ ಕೆಲವು ವಾರ ಇದ್ದು ಸುಧಾರಿಸಿಕೊಂಡರು. ಇವೆಲ್ಲ ತುದಿಯ ಕಥೆಗಳು. ಆವತ್ತು ನನ್ನ ಮನಸ್ಸು ಪೂರ್ತಿ ಬುಡದಲ್ಲಿತ್ತು.

*

ಹೆಗ್ಗಡಿಹಳ್ಳಿ ಹತ್ತಿರ ಅಪ್ಪ ಕೂತರು. ಅಲ್ಲಿಂದ ಉತ್ತರಕ್ಕೆ ಚನ್ನಗಿರಿ ಕಾಣುತ್ತದೆ. ಬಲಕ್ಕೆ ನಂದಿ. ಎರಡರ ನಡುವೆ ಒಂದು ತಗ್ಗು, ಒಳ್ಳೆ ಹಸಿರು. ಅಪ್ಪ ಒಂದು ಕಡ್ಡಿ ತಗೊಂಡು ನೆನೆದ ಮಣ್ಣಿನ ಮೇಲೆ ಗೆರೆ ಹಾಕಿದರು.

"ಇಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತೆ ಹೇಳು ನೋಡೋಣ."

"ಕೆರೆಗೆ."

"ಕೆರೆ ತುಂಬಿ ಕೋಡಿ ಬಿದ್ದರೆ?"

"ಮುಂದಿನ ಕೆರೆಗೆ."

"ಅದೂ ತುಂಬಿದರೆ?"

ನನಗೆ ಗೊತ್ತಿರಲಿಲ್ಲ. ಅಪ್ಪ ಓದಿದ್ದು ಏಳನೇ ಕ್ಲಾಸು. ಆದರೆ ಅವರಿಗೆ ಗೊತ್ತಿತ್ತು. ಅವರ ಕಾಲದವರಿಗೆಲ್ಲ ಗೊತ್ತಿತ್ತು. ನೀರು ಯಾವ ಕಡೆ ಹರಿಯುತ್ತದೆ ಅನ್ನುವುದು ತಿಳಿಯದೆ ಒಕ್ಕಲುತನ ಆಗುವುದಿಲ್ಲ.

ಚನ್ನಗಿರಿಯಲ್ಲಿ ಹುಟ್ಟಿ ಉತ್ತರಕ್ಕೆ ಇಳಿಯುವುದು ಉತ್ತರ ಪಿನಾಕಿನಿ. ಪೆನ್ನಾರ್ ಅಂತಲೂ ಹೆಸರು. ಗೌರಿಬಿದನೂರು ದಾಟಿ, ಆಂಧ್ರಕ್ಕೆ ಹೋಗಿ, ಪೂರ್ವಕ್ಕೆ ತಿರುಗಿ, ಗಂಡಿಕೋಟದಲ್ಲಿ ಬಂಡೆಯನ್ನು ಸೀಳಿ ಕಮರಿ ಮಾಡಿ, ನೆಲ್ಲೂರಿನ ಆಚೆ ಸಮುದ್ರ ಸೇರುತ್ತದೆ. ಒಟ್ಟು 597 ಕಿಲೋಮೀಟರ್. ನಾವು ಕೂತಿದ್ದ ಕಡೆಯಿಂದ ನೈರುತ್ಯಕ್ಕೆ ಇಳಿಯುವ ನೀರು ಅರ್ಕಾವತಿ. ದೊಡ್ಡಬಳ್ಳಾಪುರದ ನಾಗರಕೆರೆ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ, ಆಮೇಲೆ ಸಂಗಮದಲ್ಲಿ ಕಾವೇರಿ. ನಾವು ಬೆಳಿಗ್ಗೆ ಬಿಟ್ಟು ಬಂದ ದೇವಸ್ಥಾನದ ಕಡೆಯ ನೀರು ದಕ್ಷಿಣ ಪಿನಾಕಿನಿ. ಹೊಸಕೋಟೆಯ ಮೇಲೆ ಹಾದು, ತಮಿಳುನಾಡಿಗೆ ಇಳಿದು, ಕಡಲೂರಿನ ಹತ್ತಿರ ಕಡಲಿಗೆ. ಸ್ಕಂದಗಿರಿ ಬುಡದ ಪಾಪಾಗ್ನಿ ಮಠದ ಹೆಸರಿನಲ್ಲೇ ಒಂದು ನದಿ ಇದೆ. ಪಾಪಘ್ನಿ, ಅಂದರೆ ಪಾಪ ಕಳೆಯುವವಳು. ನಮ್ಮ ಬಾಯಲ್ಲಿ ಪಾಪಾಗ್ನಿ ಆಗಿದ್ದಾಳೆ. ಇನ್ನೊಬ್ಬಳು ಚಿತ್ರಾವತಿ. ಚಿಕ್ಕಬಳ್ಳಾಪುರದ ಬೆಟ್ಟಗಳಲ್ಲಿ ಹುಟ್ಟಿ, ಬಾಗೇಪಲ್ಲಿ ದಾಟಿ, ಪುಟ್ಟಪರ್ತಿಯ ಮೇಲೆ ಹೋಗುತ್ತಾಳೆ.

ನನಗೆ ಮೈ ಜುಮ್ಮೆಂದದ್ದು ಇದನ್ನು ಕೇಳಿ. ಚಿತ್ರಾವತಿ, ಪಾಪಾಗ್ನಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದು ಹೋಗಿ, ಕಡೆಗೆ ಕಡಪ ಜಿಲ್ಲೆಯಲ್ಲಿ ಪೆನ್ನಾರಿಗೇ ಬಂದು ಸೇರುತ್ತಾರೆ. ಚಿತ್ರಾವತಿ ಗಂಡಿಕೋಟದ ಹತ್ತಿರ, ಪಾಪಾಗ್ನಿ ಕಮಲಾಪುರದ ಹತ್ತಿರ. ತವರಿನಲ್ಲಿ ಒಟ್ಟಿಗೆ ಹುಟ್ಟಿದ ಹೆಣ್ಣುಮಕ್ಕಳು ಬೇರೆ ಬೇರೆ ಊರಿಗೆ ಮದುವೆಯಾಗಿ ಹೋಗಿ, ವಯಸ್ಸಾದ ಮೇಲೆ ಒಂದು ಜಾತ್ರೆಯಲ್ಲಿ ಸಿಕ್ಕಿದ ಹಾಗೆ. ಅರ್ಕಾವತಿಗೂ ದಕ್ಷಿಣ ಪಿನಾಕಿನಿಗೂ ಆ ಭಾಗ್ಯ ಇಲ್ಲ. ನೆಲ್ಲೂರಿನ ಅಳಿವೆಗೂ ಕಾವೇರಿಯ ಅಳಿವೆಗೂ ನಡುವೆ 350 ಕಿಲೋಮೀಟರಿಗೂ ಜಾಸ್ತಿ ಕರಾವಳಿ ಇದೆ. ಈ ತಗ್ಗಿನ ಆಚೆ ಈಚೆ ಬಿದ್ದ ಎರಡು ಹನಿಗಳ ನಡುವೆ ಕೊನೆಗೆ ಅಷ್ಟು ದೂರ.

ಒಂದೇ ಮೋಡದಿಂದ ಬಿದ್ದ ಮಳೆಯನ್ನು ಹೀಗೆ ಹಂಚುವುದು ಶಿಖರ ಅಲ್ಲ. ಶಿಖರದಿಂದ ಶಿಖರಕ್ಕೆ ಹೋಗುವ ಏಣು. ನಂದಿ ಒಂದೇ ಇದ್ದಿದ್ದರೆ ನೀರು ಸುತ್ತ ಚೆಲ್ಲಿ ಹೋಗುತ್ತಿತ್ತು. ಪಕ್ಕದಲ್ಲಿ ಚನ್ನಗಿರಿ, ಸ್ಕಂದಗಿರಿ, ಬ್ರಹ್ಮಗಿರಿ ಇರುವುದರಿಂದಲೇ ಕಣಿವೆಗಳಾದವು, ಕಣಿವೆಗಳಿಂದ ಹೊಳೆಗಳಾದವು. ಈ ಬೆಟ್ಟಗಳ ಮಹತ್ವ ಅವುಗಳ ನಡುವಿನ ಜಾಗದಲ್ಲಿದೆ ಅಂತ ನಾನು ಗಟ್ಟಿಯಾಗಿ ನಂಬುವುದು ಇದಕ್ಕೇ.

ನಂದಿಗೂ ಕಳವಾರಕ್ಕೂ ನಡುವಿನ ತಗ್ಗಿನಲ್ಲೇ ಮುದ್ದೇನಹಳ್ಳಿ ಇದೆ, ವಿಶ್ವೇಶ್ವರಯ್ಯನವರ ಊರು. ಅವರ ಮನೆ ಈಗಲೂ ಇದೆ. ನೋಡಿಬನ್ನಿ. ಕನ್ನಂಬಾಡಿ ಕಟ್ಟೆಯಂಥ ಕೆಲಸ ಮಾಡಿದ ಮನುಷ್ಯ ಹುಟ್ಟಿದ್ದು ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಸೀಮೆಯಲ್ಲಿ. ಸುತ್ತ ಐದು ನದಿ ಹುಟ್ಟುತ್ತವೆ. ಆದರೆ ಹುಟ್ಟಿದ ಕೂಡಲೇ ಹೊರಟುಹೋಗುತ್ತವೆ. ಮಳೆಗಾಲದಲ್ಲಿ ಕಂಡ ನೀರನ್ನು ಹಿಡಿದು ಇಟ್ಟುಕೊಳ್ಳದಿದ್ದರೆ ಬೇಸಿಗೆಗೆ ಏನೂ ಇಲ್ಲ. ನೀರನ್ನು ಲೆಕ್ಕ ಹಾಕುವ ಬುದ್ಧಿ ಇಂಥ ಊರಿನ ಹುಡುಗನಿಗೆ ಬಂದದ್ದು ನನಗೆ ಆಶ್ಚರ್ಯ ಅಲ್ಲ.

ಹಿಡಿದು ಇಡಲಿಕ್ಕೆ ಇದ್ದ ಉಪಾಯ ಕೆರೆ. ಬೆಟ್ಟದ ಬುಡದಿಂದ ಒಂದರ ಕೆಳಗೆ ಒಂದು. ಮೇಲಿನದರ ಕೋಡಿ ನೀರು ಕಾಲುವೆಯಲ್ಲಿ ಕೆಳಗಿನದಕ್ಕೆ. ದೊಡ್ಡ ಅಣೆಕಟ್ಟು ಕಟ್ಟುವ ಸ್ವಾತಂತ್ರ್ಯವೂ ಇರಲಿಲ್ಲ. 1892ರಲ್ಲಿ ಮೈಸೂರಿಗೂ ಮದ್ರಾಸಿಗೂ ಒಪ್ಪಂದ ಆಯಿತು. ಕಾವೇರಿಯ ಜೊತೆ ಪೆನ್ನಾರ್, ಚಿತ್ರಾವತಿ, ಪಾಪಾಗ್ನಿ, ದಕ್ಷಿಣ ಪಿನಾಕಿನಿ ಎಲ್ಲ ಆ ಪಟ್ಟಿಯಲ್ಲಿದ್ದವು. ಮದ್ರಾಸಿನವರ ಒಪ್ಪಿಗೆ ಇಲ್ಲದೆ ಮೇಲಿನವರು ಹೊಸ ಜಲಾಶಯ ಕಟ್ಟುವ ಹಾಗಿರಲಿಲ್ಲ. ಬೆಟ್ಟ ನಮ್ಮ ಹಿತ್ತಲಲ್ಲಿ, ನೀರಿನ ಮಾತು ಎಲ್ಲೋ.

ಬೆಂಗಳೂರಿಗೆ ಮಾತ್ರ ಈ ನೀರು ಬೇಕಾಯಿತು. 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ ಅರ್ಕಾವತಿಯ ನೀರನ್ನು ಪಂಪ್ ಮಾಡಿ ಊರಿಗೆ ತಂದರು. 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯ ಆಯಿತು. ಕಾವೇರಿ ನೀರು ಬರುವ ಮೊದಲು ಎರಡು ಮೂರು ತಲೆಮಾರು ಬೆಂಗಳೂರಿನವರು ಕುಡಿದದ್ದು ನಮ್ಮ ಬೆಟ್ಟದ ನೀರೇ. ಆಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಅರ್ಕಾವತಿ ಒಣಗಿತು. ಮಳೆ ಕಡಿಮೆಯಾದದ್ದಕ್ಕಲ್ಲ. ಕಾಲುವೆಗಳನ್ನು ಮುಚ್ಚಿದೆವು, ಬೋರ್‌ವೆಲ್ ಕೊರೆದೆವು, ಕೆರೆಯಂಗಳದ ಮೇಲೆ ನೀಲಗಿರಿ ತೋಪು ಹಾಕಿದೆವು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ನೆಲದ ಒಳಗಿನದು ಖಾಲಿಯಾಗಿತ್ತು.

ನಮ್ಮ ತೋಟದ ಮೊದಲ ಬೋರ್‌ವೆಲ್ 240 ಅಡಿಗೆ ನೀರು ಕೊಟ್ಟಿತ್ತು. ನಾನು ಆಗ ಮೂರನೇ ಕ್ಲಾಸು. ಪೈಪಿನಿಂದ ಬಿಳಿ ಕೆಸರು ಚಿಮ್ಮಿದಾಗ ಊರೆಲ್ಲ ಕೂಗಿದ್ದು ನೆನಪಿದೆ. ಎರಡನೆಯದು 700 ಅಡಿ. ಮೂರನೆಯದನ್ನು 1300 ಅಡಿ ತನಕ ಕೊರೆಸಿದೆವು. ಬರೀ ಬಂಡೆ ಪುಡಿ ಬಂತು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ. ಮಾರನೆಯ ವರ್ಷ ದ್ರಾಕ್ಷಿ ಚಪ್ಪರ ಕಿತ್ತು ಹಾಕಿದೆವು. ಆ 250 ಕೋಟಿ ವರ್ಷದ ಬಂಡೆಯನ್ನು ನಾನು ಮುಟ್ಟಿ ನೋಡಿದ್ದು ಮೊದಲು ಬೆಟ್ಟದ ಮೇಲಲ್ಲ, ನಮ್ಮ ಹೊಲದಲ್ಲಿ ಬೂದಿಯ ಹಾಗೆ ಗುಡ್ಡೆ ಬಿದ್ದಿದ್ದ ಆ ಪುಡಿಯಲ್ಲಿ.

*

ಈಗ ನಾನು ಇರುವುದು ಬೆಂಗಳೂರಿನ ಪೂರ್ವಕ್ಕೆ, ವರ್ತೂರಿನ ಹತ್ತಿರ. ಪ್ರದಕ್ಷಿಣೆ ಮುಗಿಸಿ ಬಂದ ಮೇಲೆ ಒಂದು ರಾತ್ರಿ ನಕ್ಷೆ ತೆಗೆದು ಕೂತೆ. ನಮ್ಮ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಅಂತ ಅಪ್ಪನ ಪ್ರಶ್ನೆಯನ್ನೇ ಹಿಡಿದು ಹುಡುಕಿದೆ. ಚರಂಡಿಯಿಂದ ರಾಜಕಾಲುವೆ, ಅಲ್ಲಿಂದ ವರ್ತೂರು ಕೆರೆ, ಆ ಕೆರೆಯ ಕೋಡಿಯಿಂದ ದಕ್ಷಿಣ ಪಿನಾಕಿನಿ. ಶೃಂಗಿ ತೀರ್ಥದಲ್ಲಿ ಹುಟ್ಟಿದ ನದಿಗೇ ನಮ್ಮ ಮನೆಯ ಸೋಪಿನ ನೀರು ಸೇರುತ್ತಿದೆ. ವರ್ತೂರು ಕೋಡಿಯಲ್ಲಿ ನೊರೆ ಎದ್ದು ರಸ್ತೆಗೆ ಹಾರುತ್ತಿದ್ದ ದಿನಗಳಲ್ಲಿ ನಾನು ಮೂಗು ಮುಚ್ಚಿಕೊಂಡು ಆ ಸೇತುವೆ ದಾಟುತ್ತಿದ್ದೆ. ಅದು ನಮ್ಮ ಬೆಟ್ಟದ ನದಿಯ ದಾರಿ ಅಂತ ಗೊತ್ತೇ ಇರಲಿಲ್ಲ. ಗೊತ್ತಾದ ಮೇಲೆ ಆ ಸೇತುವೆಯ ಮೇಲೆ ಒಂದು ಸಲ ಗಾಡಿ ನಿಲ್ಲಿಸಿ ನಿಂತೆ. ತುಂಬಾ ಹೊತ್ತು ನಿಂತೆ.

ಇನ್ನೊಂದು ಸುತ್ತೂ ಇದೆ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಣಿವೆಗಳ ಕೊಳಚೆ ನೀರನ್ನು ಶುದ್ಧ ಮಾಡಿ ಪಂಪ್ ಹಾಕಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಕಂದವಾರದ ಕೆರೆಗೂ ಆ ನೀರು ಬಂತು. ಮೇಲಿನಿಂದ ಕೆಳಗೆ ಹೋದ ನೀರು ಈಗ ಕೆಳಗಿನಿಂದ ಮೇಲೆ ಬರುತ್ತಿದೆ. ನಮ್ಮವರಲ್ಲೇ ಎರಡು ಮಾತಿದೆ. ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ಬಂದವರಿಗೆ ಸಂತೋಷ. ಉಳಿದ ಸಣ್ಣ ಕೊಳೆಯನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಮಾಡದೆ ಬಿಡಬೇಡಿ ಅಂತ ಹೋರಾಡುವವರೂ ಇದ್ದಾರೆ. ನಾನು ಎರಡನೆಯವರ ಪರ. ಕೆರೆ ತುಂಬುವುದು ಕಣ್ಣಿಗೆ ಹಬ್ಬ, ನಿಜ. ಆದರೆ ಆ ನೀರು ನಿಧಾನಕ್ಕೆ ಇಳಿಯುವುದು ನಾವು ಕುಡಿಯುವ ಅಂತರ್ಜಲಕ್ಕೆ. ಬೆಟ್ಟ ತಿಂಗಳುಗಟ್ಟಲೆ ಸೋಸಿ ಕೊಡುತ್ತಿದ್ದ ನೀರಿನ ಜಾಗಕ್ಕೆ ಬರುವ ನೀರು ಅಷ್ಟೇ ಶುದ್ಧವಾಗಿರಲಿ ಅಂತ ಕೇಳುವುದು ಜಾಸ್ತಿ ಆಗಲಿಲ್ಲ ಅಲ್ವಾ?

ಬೆಟ್ಟ ಮಾತ್ರ ತನ್ನ ಕೆಲಸ ಬಿಟ್ಟಿಲ್ಲ. ಅದು 2021ರಲ್ಲಿ ಎಲ್ಲರಿಗೂ ಕಾಣಿಸಿತು. ಆಗಸ್ಟಿನಲ್ಲಿ ರಸ್ತೆ ಕೊಚ್ಚಿದ ಮಳೆ ಅಲ್ಲಿಗೆ ನಿಲ್ಲಲಿಲ್ಲ. ನವೆಂಬರ್ ತನಕ ಸುರಿಯಿತು. ಎಷ್ಟೋ ವರ್ಷದಿಂದ ತುಂಬದ ಕೆರೆಗಳು ಕೋಡಿ ಬಿದ್ದವು. ಗೌರಿಬಿದನೂರಿನಲ್ಲಿ ಪಿನಾಕಿನಿ ಎರಡೂ ದಡ ತಾಗಿ ಹರಿಯಿತು. ಜನ ಬಾಗಿನ ಬಿಟ್ಟರು, ಸೆಲ್ಫಿ ತೆಗೆದುಕೊಂಡರು, ಅತ್ತರು. ಅಪ್ಪ ವಿಡಿಯೋ ಕಾಲ್ ಮಾಡಿ ನಮ್ಮ ಕೆರೆ ಕೋಡಿಯ ಸದ್ದು ಕೇಳಿಸಿದರು. ಅದೇ ತಿಂಗಳು ಕಡಪದ ಕಮಲಾಪುರದ ಹತ್ತಿರ ಪಾಪಾಗ್ನಿಯ ಪ್ರವಾಹಕ್ಕೆ ಸೇತುವೆ ಕುಸಿಯಿತು. ನೆಲ್ಲೂರಿನಲ್ಲಿ ಪೆನ್ನಾರ್ ಮನೆಗಳಿಗೆ ನುಗ್ಗಿತು. ದಾರಿಯುದ್ದಕ್ಕೂ ಬಿದ್ದ ಮಳೆಯೆಲ್ಲ ಸೇರಿಯೇ ಅಷ್ಟು ದೊಡ್ಡ ನೆರೆ ಆದದ್ದು. ಆದರೂ ಟಿವಿಯಲ್ಲಿ ಆ ಕೆಂಪು ನೀರು ನೋಡುವಾಗ ಅದರಲ್ಲಿ ಒಂದಿಷ್ಟು ಕಳವಾರದ ನೀರೂ ಇದೆ ಅನ್ನಿಸುತ್ತಿತ್ತು. ನಮ್ಮ ಹಬ್ಬ ಅವರಿಗೆ ಸಂಕಟ ಆಗಿತ್ತು. ಮೇಲಿನ ಕೆರೆಗಳ ಏರಿ ಗಟ್ಟಿ ಇದ್ದು, ಹೂಳು ತೆಗೆದಿದ್ದರೆ ಆ ನೀರಿನಲ್ಲಿ ಇನ್ನಷ್ಟು ಇಲ್ಲೇ ನಿಲ್ಲುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಪ್ರದಕ್ಷಿಣೆಯ ಕೊನೆಯ ಭಾಗ ಸುಲ್ತಾನ್‌ಪೇಟೆ ಕಡೆಯಿಂದ ಬರುತ್ತದೆ. ಇಲ್ಲಿಂದ ಮೇಲೆ ಹತ್ತಲು ಹಳೆಯ ಮೆಟ್ಟಿಲ ದಾರಿ ಇದೆ. ನಾವು ಬರುವ ಹೊತ್ತಿಗೆ ಮಳೆ ನಿಂತು ಬಿಸಿಲು ಬಂದಿತ್ತು. ಬಂಡೆಗಳ ನಡುವಿನ ಪೊದೆಯಲ್ಲಿ ಒಂದು ಹಕ್ಕಿ ಕೂಗಿತು. ಒಬ್ಬ ಹುಡುಗ ದುರ್ಬೀನು ಹಿಡಿದು ನಿಂತಿದ್ದ. "ಅಕ್ಕ, ಹಳದಿ ಕೊರಳಿನ ಪಿಕಳಾರ" ಅಂತ ಪಿಸುಗುಟ್ಟಿ ತೋರಿಸಿದ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ. ಬಯಲಿಗೆ ಇಳಿಯುವುದು ಅಪರೂಪ. ಅದಕ್ಕೆ ಈ ಬೆಟ್ಟ ಒಂದು ದ್ವೀಪ, ಪಕ್ಕದ ಬೆಟ್ಟ ಇನ್ನೊಂದು ದ್ವೀಪ. ನಡುವಿನ ಗುಡ್ಡಗಳನ್ನು ಕ್ವಾರಿಗೆ ಒಡೆದು ಹಾಕಿದರೆ ಒಂದರಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ದಾರಿ ಇರುವುದಿಲ್ಲ. ಅದು ಇನ್ನೊಂದು ಸಲ ಕೂಗಿತು. ನಾನು ಹದಿನೆಂಟು ವರ್ಷ ಆ ಬುಡದಲ್ಲಿ ಬದುಕಿದ್ದರೂ ಆ ಕೂಗು ಯಾರದು ಅಂತ ಕೇಳಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ದೇವಸ್ಥಾನಕ್ಕೆ ವಾಪಸ್ ಬಂದೆವು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಂಡೆವು. ನನ್ನ ಪಾದದಲ್ಲಿ ಎರಡು ಗುಳ್ಳೆ ಎದ್ದಿದ್ದವು. ಅಪ್ಪನಿಗೆ ಏನೂ ಆಗಿರಲಿಲ್ಲ.

"ನಾವು ನಂದಿ ಒಂದನ್ನೇ ಸುತ್ತಿದ್ದು ಕಣಮ್ಮ" ಅಂದರು. "ಐದನ್ನೂ ಸೇರಿಸಿ ಸುತ್ತಬೇಕು ಅಂತ ನಿಮ್ಮ ತಾತ ಹೇಳ್ತಿದ್ದರು. ಅವರಿಗೂ ಆಗಲಿಲ್ಲ."

"ಎಷ್ಟು ದೂರ ಆಗುತ್ತೆ?"

ಅಪ್ಪ ಜೇಬಿನಿಂದ ಯಾರದೋ ಮದುವೆ ಕಾಗದ ತೆಗೆದರು. ಅದರ ಹಿಂದೆ ಪೆನ್ನಿನಲ್ಲಿ ಐದು ಗುಡ್ಡೆ ಬರೆದರು. ಸುತ್ತ ಒಂದು ಗೆರೆ ಎಳೆದರು. ಗೆರೆಯ ಮೇಲೆ ಊರುಗಳ ಹೆಸರು ಬರೆಯುತ್ತಾ ಹೋದರು. ಎಲ್ಲಿ ಕೆರೆ ಇದೆಯೋ ಅಲ್ಲಿ ಸಣ್ಣ ಸೊನ್ನೆ ಹಾಕಿದರು. ಹದಿನೇಳು ಸೊನ್ನೆ ಆದವು.

"ಒಂದು ದಿನಕ್ಕೆ ಆಗಲ್ಲ. ರಾತ್ರಿ ಕಳವಾರದ ಹತ್ತಿರ ಎಲ್ಲಾದರೂ ಉಳಿಯಬೇಕು. ಬೆಳಿಗ್ಗೆ ಎದ್ದು ಆ ಕಡೆಯಿಂದ ನಮ್ಮೂರು ಹೇಗೆ ಕಾಣುತ್ತೆ ನೋಡೋಣ."

ಆ ಕಾಗದ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಇದೆ. ಈ ವರ್ಷ ಆಷಾಢಕ್ಕೆ ಎರಡು ದಿನ ರಜೆ ಕೇಳಿದ್ದೇನೆ. ಗಾಳಿಗೆ ತಿರುಗದಂಥ ಗಟ್ಟಿ ಕೊಡೆ ಎರಡು ತೆಗೆದುಕೊಂಡಿದ್ದೇನೆ, ಒಂದು ಅಪ್ಪನಿಗೆ.